ಚಿನ್ನದ ಗಣಿ ಊರಿನ ಒಂದು ತೊಟ್ಟಿ ಸಮುದ್ರ

ಕಡಲ ಜೀವಿಗಳ ಪಾಠ ಹೇಳಿಕೊಂಡೇ ನಿವೃತ್ತನಾದೆ ಎಂದರೆ ಜನ 'ಕಾರವಾರದಲ್ಲೋ ಮಂಗಳೂರಿನಲ್ಲೋ?' ಎಂದು ಕೇಳುತ್ತಾರೆ. 'ಕೆ.ಜಿ.ಎಫ್‌ನಲ್ಲಿ' ಎಂದ ಕೂಡಲೇ ನನ್ನ ಮುಖವನ್ನೊಮ್ಮೆ ನೋಡಿ ಮಳೆ ಬೆಳೆಯ ಮಾತೆತ್ತುತ್ತಾರೆ. ಅವರ ತಪ್ಪಲ್ಲ. ಆ ಊರಿನವರು ಕುಡಿಯುವ ನೀರಿಗೇ ಬೇತಮಂಗಲದ ಕೆರೆಯನ್ನು ನಂಬಿಕೊಂಡಿದ್ದ ಕಾಲ ಅದು. ಅಂಥಲ್ಲಿ ಸಮುದ್ರದ ಸುದ್ದಿ ಎತ್ತಿದವನ ತಲೆ ನೆಟ್ಟಗಿದೆಯೇ ಎಂದು ಯಾರಿಗಾದರೂ ಅನುಮಾನ ಬರಬೇಕಾದ್ದೇ.

ಈಗ ಈ ವಿದ್ಯೆಗೆ ಕಾಲಿಡುತ್ತಿರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು 'ನಿಮ್ಮ ಕಾಲದಲ್ಲಿ ಹೇಗಿತ್ತು ಸಾರ್' ಎನ್ನುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಸಂಬಳ, ಸನ್ಮಾನಗಳ ಬಗ್ಗೆ ಬರೆಯುವುದಿಲ್ಲ. ಬರೆಯುವಷ್ಟು ಬರಲೂ ಇಲ್ಲ.

ನಮ್ಮೂರು ಬಂಗಾರಪೇಟೆಯ ಹತ್ತಿರದ ಒಂದು ಹಳ್ಳಿ. ನಾಲ್ಕು ಕುಂಟೆ ರಾಗಿ ಹೊಲ, ಒಂದಿಷ್ಟು ಕುರಿ, ಅಪ್ಪ ಹೋದಮೇಲೆ ಅಮ್ಮ ಒಬ್ಬಳೇ ನೋಡಿಕೊಂಡ ಸಂಸಾರ. ಹೇಗೋ ಪ್ರಾಣಿಶಾಸ್ತ್ರದಲ್ಲಿ ಪಾಸಾಗಿ, ರಾಬರ್ಟ್‌ಸನ್‌ಪೇಟೆಯ ಕಾಲೇಜೊಂದರಲ್ಲಿ ಡೆಮಾನ್‌ಸ್ಟ್ರೇಟರ್ ಕೆಲಸಕ್ಕೆ ಅರ್ಜಿ ಹಾಕಿದೆ. ಸಂದರ್ಶನಕ್ಕೆ ಕೂತಿದ್ದವರು ವಿಭಾಗದ ಮುಖ್ಯಸ್ಥರಾದ ಐತಾಳರು. ಕುಂದಾಪುರದ ಕಡೆಯವರು, ಮನೆ ಅಂಗಳದಿಂದ ಕೂಗಿದರೆ ಕಡಲಿಗೆ ಕೇಳಿಸುತ್ತಿತ್ತಂತೆ. ಜನ್ಮದಲ್ಲಿ ಮೀನು ಬಾಯಿಗಿಟ್ಟವರಲ್ಲ, ಆದರೆ ಮೀನಿನ ಒಂದೊಂದು ಮೂಳೆಯ ಹೆಸರೂ ಬಾಯಲ್ಲಿ.

"ಸಮುದ್ರ ನೋಡಿದ್ದೀರಾ?" ಎಂದರು.

"ಇಲ್ಲ ಸಾರ್. ಬೇತಮಂಗಲದ ಕೆರೆ ಕೋಡಿ ಹೋದಾಗ ನೋಡಿದ್ದೀನಿ."

ಪಕ್ಕದಲ್ಲಿದ್ದವರೆಲ್ಲ ನಕ್ಕರು. ಐತಾಳರು ನಗಲಿಲ್ಲ. "ಸಾಕು ಮಾರಾಯ್ರೆ. ಸಮುದ್ರ ನೋಡಿದವರೆಲ್ಲ ಅದನ್ನು ಬಿಟ್ಟು ಇಲ್ಲಿಗೆ ಬರುವುದಿಲ್ಲ. ನೋಡದೆ ಇದ್ದವನೇ ಬೇಕು, ಆಸೆ ಉಳಿದಿರುತ್ತದೆ" ಎಂದು ನನ್ನನ್ನೇ ಆರಿಸಿದರು. ಆ ಮಾತಿಗೆ ನಾನು ಈಗಲೂ ಅವರಿಗೆ ಋಣಿ.

ಕೆಲಸ ಎಂದರೆ ಏನು ಎಂದುಕೊಂಡಿರಿ? ಫಾರ್ಮಲಿನ್ ತುಂಬಿದ ಗಾಜಿನ ಜಾಡಿಗಳು. ಅದರೊಳಗೆ ನಕ್ಷತ್ರಮೀನು, ಏಡಿ, ಹವಳ, ಸಮುದ್ರ ಸೌತೆ, ಎಲ್ಲವೂ ಒಂದೇ ಬಣ್ಣ. ಹಳೆ ಚಹಾದ ಬಣ್ಣ. ಹುಡುಗರು ಪರೀಕ್ಷೆಯಲ್ಲಿ ಜೀವಿಯನ್ನು ಗುರುತಿಸುತ್ತಿದ್ದದ್ದು ಜಾಡಿಯ ಬಿರುಕು ನೋಡಿ. ಒಂದು ವರ್ಷ ನಾನು ಜಾಡಿಗಳನ್ನು ತೊಳೆದು ಅದಲು ಬದಲು ಮಾಡಿಟ್ಟೆ. ಆ ಸಲ ಅರ್ಧ ತರಗತಿ ಸ್ಪಂಜನ್ನು ಸಮುದ್ರ ಸೌತೆ ಎಂದು ಬರೆದು ಬಂತು. ಐತಾಳರಿಗೆ ತಲೆ ಕೆಟ್ಟುಹೋಯಿತು.

"ಹೆಣ ತೋರಿಸಿ ಜೀವಶಾಸ್ತ್ರ ಹೇಳುವ ಈ ಕರ್ಮ ಸಾಕು. ಒಂದಾದರೂ ಬದುಕಿರುವುದನ್ನು ತರಬೇಕು" ಎಂದು ಆವತ್ತೇ ಹಟ ಹಿಡಿದರು.

ಅವರ ಪಾಠದ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಒಂದು ದಿನ ಸಮುದ್ರದ ಆಳದ ಪಾಠ. ಕೆಳಗಿಳಿದಷ್ಟೂ ತಣ್ಣಗಾಗುತ್ತದೆ ಎಂದರು. ಹಿಂದಿನ ಬೆಂಚಿನಿಂದ ಕೋರಮಂಡಲ್ ಕಡೆಯ ಗಣಿ ಕಾರ್ಮಿಕರೊಬ್ಬರ ಮಗ ಎದ್ದು ನಿಂತ.

"ತಪ್ಪು ಸಾರ್. ಕೆಳಗೆ ಓದಷ್ಟೂ ಬಿಸಿ. ನಮ್ಮಪ್ಪ ದಿನಾ ಇಳಿದು ಬತ್ತಾರೆ. ಬನಿಯನ್ ಇಂಡಿದ್ರೆ ಬಕೀಟು ತುಂಬ್ತದೆ."

ಬೇರೆ ಮೇಷ್ಟ್ರಾಗಿದ್ದರೆ ಕೂರಿಸುತ್ತಿದ್ದರು. ಐತಾಳರು ಚಾಕ್ ಕೆಳಗಿಟ್ಟು ಖುಷಿಯಿಂದ ಕೈ ಉಜ್ಜಿಕೊಂಡರು. ಬಂಡೆಗೆ ಭೂಮಿಯ ಹೊಟ್ಟೆಯ ಬಿಸಿ ತಟ್ಟುತ್ತದೆ, ಸಮುದ್ರದ ತಳದಲ್ಲಿರುವುದು ಧ್ರುವದ ಕಡೆಯಿಂದ ಇಳಿದು ಹರಿದುಬಂದ ನೀರು, ಅಲ್ಲಿಗೆ ಬಿಸಿಲು ಮುಟ್ಟುವುದಿಲ್ಲ ಎಂದೆಲ್ಲ ವಿವರಿಸಿ, ಕೊನೆಗೆ, "ನಿನ್ನಪ್ಪ ಕೆಲಸ ಮಾಡುವ ಜಾಗ ಇದೆಯಲ್ಲ, ಅದು ಸಮುದ್ರ ಮಟ್ಟಕ್ಕಿಂತ ಎಷ್ಟೋ ಕೆಳಗೆ. ಹಡಗಿನವರು ಹಗ್ಗ ಬಿಟ್ಟು ಅಳೆಯುವಷ್ಟು ಆಳಕ್ಕೆ ಅವರು ಬುತ್ತಿ ಕಟ್ಟಿಕೊಂಡು ಹೋಗಿ ಬರುತ್ತಾರೆ" ಎಂದರು. ಆ ಹುಡುಗ ಎದೆ ಉಬ್ಬಿಸಿಕೊಂಡು ಕೂತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅದೇ ಕಾಲಕ್ಕೆ ಹಲವು ದೇಶದ ಹಡಗುಗಳು ಸೇರಿ ಹಿಂದೂ ಮಹಾಸಾಗರವನ್ನು ಶೋಧಿಸಲು ಹೊರಟಿದ್ದವು. ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಆಳ ನೋಡುವ ಕಾಲ ಹೋಗಿ, ಸದ್ದು ಬಿಟ್ಟು ಅದರ ಮರುದನಿಯಿಂದ ಆಳ ಹೇಳುವ ಯಂತ್ರ ಬಂದಿತ್ತು. ಐತಾಳರು ಪತ್ರಿಕೆಯ ತುಣುಕುಗಳನ್ನು ಕತ್ತರಿಸಿ ಗೋಡೆಗೆ ಅಂಟಿಸುತ್ತಿದ್ದರು. ಮರುದನಿ ತೋರಿಸಲು ಇಡೀ ತರಗತಿಯನ್ನು ಒಂದು ಪಾಳು ಬಾವಿಯ ಸುತ್ತ ನಿಲ್ಲಿಸಿ ಕೂಗಿಸಿದರು. ಬಾವಿಗೆ ಯಾರೋ ಬಿದ್ದರು ಎಂದು ಆಂಡರ್ಸನ್‌ಪೇಟೆಯಿಂದ ಜನ ಹಗ್ಗ ತಗೊಂಡು ಓಡಿಬಂದರು.

ಬದುಕಿರುವ ಕಡಲ ಜೀವಿ ಬೇಕೆಂದರೆ ಮೊದಲು ಕಡಲು ಬೇಕಲ್ಲ. ನನ್ನನ್ನು ಮದ್ರಾಸಿಗೆ ಕಳಿಸಿದರು. ಗಣಿಯವರು ಆಸಿಡ್ ತರಿಸಿ ಖಾಲಿ ಮಾಡಿದ್ದ, ಬಿದಿರ ಬುಟ್ಟಿಯಲ್ಲಿ ಕೂರಿಸಿದ ಭಾರಿ ಗಾಜಿನ ಜಾಡಿಗಳನ್ನು ಐತಾಳರೇ ಬೇಡಿ ತಂದು, ಹತ್ತಾರು ಸಲ ತೊಳೆದು, ಮೂಸಿ ನೋಡಿ ಕೊಟ್ಟರು.

ಸಮುದ್ರವನ್ನು ಮೊದಲ ಸಲ ನೋಡಿದಾಗ ಸಂತೋಷವಾಯಿತು ಎಂದು ಬರೆಯಬೇಕು. ಆದರೆ ನನಗಾದದ್ದು ಭಯ. ಅಷ್ಟೊಂದು ನೀರು, ಒಂದು ಏರಿಯಿಲ್ಲ, ತೂಬಿಲ್ಲ, ಕಾವಲಿಗೊಬ್ಬ ನೀರುಗಂಟಿಯಿಲ್ಲ. ಕಟ್ಟುಮರದ ದೋಣಿಯವನಿಗೆ ಹೇಳಿ ದಡದಿಂದ ದೂರ ಹೋಗಿ ತಿಳಿನೀರು ತುಂಬಿಸಿಕೊಂಡೆ. ಅವನೇ ಒಂದು ಕಲ್ಲಿಗೆ ಅಂಟಿಕೊಂಡಿದ್ದ ಕಡಲ ಹೂವನ್ನೂ ಕೊಟ್ಟ. ಹೆಸರು ಹೂವು, ಅಸಲಿಗೆ ಪ್ರಾಣಿ. ಎಸಳಿನಂಥ ಬೆರಳುಗಳನ್ನು ಅರಳಿಸಿಕೊಂಡು ಕೂತು, ಹತ್ತಿರ ಬಂದದ್ದನ್ನು ಹಿಡಿದು ನುಂಗುತ್ತದೆ. ನೀರು ಒಗ್ಗದಿದ್ದರೆ ಮುದುಡಿ ಬೆಲ್ಲದ ಉಂಡೆಯಷ್ಟಾಗಿಬಿಡುತ್ತದೆ.

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಳಿದು ಮಾರಿಕುಪ್ಪಂ ಗಾಡಿಗೆ ಕಾಯುತ್ತಿದ್ದೆ. ಒಬ್ಬ ಪೊಲೀಸಿನವನು ಬಂದು ಜಾಡಿಗಳ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಕದ್ದ ಚಿನ್ನದ ಅದಿರನ್ನು ಮನೆಯಲ್ಲೇ ಕರಗಿಸುವವರಿಗೆ ಆಸಿಡ್ ಬೇಕು, ಆಸಿಡ್ ಜಾಡಿ ಕೆ.ಜಿ.ಎಫ್ ಕಡೆ ಹೊರಟರೆ ಅವರ ಕಣ್ಣು ಬೀಳದೆ ಇರದು.

"ಏನ್ಲಾ ಇದು?"

"ಸಮುದ್ರದ ನೀರು ಸಾರ್."

"ನಿನ್ ಕಣ್ಗೆ ನಾನ್ ಎಂಗೆ ಕಾಣ್ತೀನಿ?"

"ನಿಜ ಸಾರ್, ಕಾಲೇಜಿಗೆ."

"ಅಂಗಾರೆ ಕುಡಿ."

ಕುಡಿದೆ. ಬೊಗಸೆ ತುಂಬ ಬಂಗಾಳ ಕೊಲ್ಲಿಯನ್ನು ಪ್ಲಾಟ್‌ಫಾರಂ ಮೇಲೆ ನಿಂತು ಕುಡಿದೆ. ನನ್ನ ಮುಖ ನೋಡಿ ಅವನಿಗೂ ಕುತೂಹಲ ಹುಟ್ಟಿ ಬೆರಳದ್ದಿ ನೆಕ್ಕಿದ. ಥೂ ಎಂದು ಉಗುಳಿ, "ಉಪ್ಪುನೀರಿಗೆ ಮದ್ರಾಸ್ ಗಂಟ ಓಗಿದ್ಯಾ? ನಮ್ಮೂರ್ ಬಾವೀಲಿ ಇದ್ಕಿಂತ ಚೆನ್ನಾಗಿ ಬತ್ತದೆ, ಓಗ್ಲಾ" ಎಂದು ಕಳಿಸಿದ. ಊರು ಮುಟ್ಟುವವರೆಗೂ ನನ್ನ ಹೊಟ್ಟೆಯಲ್ಲಿ ಅಲೆ ಏಳುತ್ತಲೇ ಇತ್ತು.

ಪ್ರಯೋಗಾಲಯದ ಮೂಲೆಯಲ್ಲಿ ಗಾಜಿನ ತೊಟ್ಟಿ ಕೂರಿಸಿ, ಮರಳು ಹಾಸಿ, ಸಮುದ್ರ ಸುರಿದೆವು. ನೀರಿಗೆ ಗಾಳಿ ಬೇಕು. ಈಗ ನಿಮಗೆ ಅಂಗೈಯಗಲದ ಪಂಪು ಸಿಗುತ್ತದೆ, ಪೊಟ್ಟಣದ ಉಪ್ಪು ಕದಡಿದರೆ ಸಮುದ್ರವೇ ಸಿಗುತ್ತದೆ. ನಮಗೆ ಸಿಕ್ಕಿದ್ದು ಲಾರಿಯ ಹಳೆ ಟ್ಯೂಬು. ಸೈಕಲ್ ಪಂಪಿನಿಂದ ಅದಕ್ಕೆ ಗಾಳಿ ತುಂಬಿ, ಸಣ್ಣ ರಬ್ಬರ್ ನಳಿಗೆಗೆ ಚಿಮಟ ಹಾಕಿ ಬಿಗಿದರೆ, ಟ್ಯೂಬು ಸೊರಗುತ್ತ ಸೊರಗುತ್ತ ನೀರಿನಲ್ಲಿ ಒಂದೊಂದೇ ಗುಳ್ಳೆ ಬಿಡುತ್ತಿತ್ತು. ಪಂಪು ಹೊಡೆದು ಹೊಡೆದು ನನ್ನ ತೋಳು ಎಷ್ಟು ಬಲಿಯಿತೆಂದರೆ ನೆಂಟರು ನಾನು ಗಣಿಯಲ್ಲಿ ಕೆಲಸಕ್ಕಿದ್ದೇನೆ ಎಂದುಕೊಂಡರು.

ತೊಟ್ಟಿಯ ಗಾಜಿನ ಮೇಲೆ ಐತಾಳರು ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದರು. ನೀರು ಆವಿಯಾಗಿ ಗೆರೆಯಿಂದ ಕೆಳಗಿಳಿದರೆ ಸಿಹಿನೀರನ್ನೇ ಹಾಕಿ ಮೇಲಕ್ಕೆ ತರಬೇಕು, ಏಕೆಂದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತದೆ. ಈ ಕೆಲಸವನ್ನು ವಿಭಾಗದ ಆಯಾ ಮುನಿಯಮ್ಮನಿಗೆ ವಹಿಸಿದ್ದರು. ಗಣಿಯಲ್ಲಿ ಕೆಲಸಕ್ಕಿದ್ದ ಗಂಡ, ಒಬ್ಬಳೇ ಮಗಳು ಸರೋಜ. ಮುನಿಯಮ್ಮ ದಿನಾ ಬೆಳಿಗ್ಗೆ ಕಸ ಗುಡಿಸಿ, ಕೈ ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಗೆರೆಗೆ ಸರಿಯಾಗಿ ನೀರು ಹಾಕುತ್ತಿದ್ದಳು. ಕಡಲ ಹೂವು ಅವಳ ಬಾಯಲ್ಲಿ 'ಊವಮ್ಮ' ಆಗಿತ್ತು.

ಸರೋಜ ನಮ್ಮಲ್ಲೇ ಪಿಯುಸಿ ಓದುತ್ತಿದ್ದಳು. ಮಾತು ಕಡಿಮೆ. ಉಳಿದ ಹುಡುಗಿಯರು ತೊಟ್ಟಿಯಿಂದ ಮಾರು ದೂರ ನಿಂತರೆ, ಇವಳು ಹೂವಿನ ಎಸಳಿಗೆ ಬೆರಳು ಕೊಟ್ಟು, "ಇದಕ್ಕೆ ತಲೆಯೇ ಇಲ್ಲ, ಮತ್ತೆ ಬೆರಳು ಯಾವುದು ಆಹಾರ ಯಾವುದು ಅಂತ ಹೇಗೆ ಗೊತ್ತಾಗುತ್ತೆ ಸಾರ್?" ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಐತಾಳರಿಗೂ ಪೂರ್ತಿ ಗೊತ್ತಿರಲಿಲ್ಲ. "ಇವಳನ್ನು ಬಿಡಬಾರದು ಮಾರಾಯ" ಎಂದು ಅವರು ಆವತ್ತು ನನಗೆ ಹೇಳಿದರು.

ಆದರೆ ಬಿಡದೆ ಏನು ಮಾಡುವುದು? ನಮ್ಮಲ್ಲಿ ಬಿಎಸ್ಸಿ ಇರಲಿಲ್ಲ. ಬೆಂಗಳೂರಿಗೆ ಕಳಿಸಲು ಅವಳಪ್ಪ ಸುತರಾಂ ಒಪ್ಪಲಿಲ್ಲ. ಕುಪ್ಪಂನಲ್ಲಿ ಮುನಿಯಮ್ಮನ ತಮ್ಮ ಒಬ್ಬನಿದ್ದ. ಸೋದರಮಾವ, ನಮ್ಮ ಕಡೆ ಅದು ಹುಟ್ಟಿದಾಗಲೇ ಆಗಿಹೋದ ಸಂಬಂಧ. ಮುನಿಯಮ್ಮ ಒಂದು ದಿನ ಕಸಬರಿಕೆ ಹಿಡಿದುಕೊಂಡೇ ನನ್ನ ಮುಂದೆ ನಿಂತಳು.

"ಸಾರ್, ಬಿಎಸ್ಸಿ ಇಲ್ಲೇ ಬಂದ್ರೆ ಓದ್ಲಿ ಅಂತಾರೆ ನಮ್ಮೆಜಮಾನ್ರು. ಬರ್ದಿದ್ರೆ ಈ ಬೇಸಿಗೇಲೇ ತಾಳಿ. ನನ್ ತಮ್ಮ ಒಳ್ಳೇವ್ನೇ ಸಾರ್. ಆದ್ರೆ ಈ ಮಗೀಗೆ ಓದಾದೇ ಊಟ. ಬತ್ತದಾ ಸಾರ್ ಬಿಎಸ್ಸಿ?"

ಬರುವುದು ಬಿಡುವುದು ವಿಶ್ವವಿದ್ಯಾಲಯದ ಸಮಿತಿಯ ಕೈಯಲ್ಲಿತ್ತು. ಅವರು ಬಂದು ನೋಡಿ, ಇಲ್ಲಿ ಪ್ರಾಣಿಶಾಸ್ತ್ರದ ಪದವಿ ತರಗತಿ ನಡೆಸಬಹುದು ಎಂದು ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮಲ್ಲಿದ್ದ ಉಪಕರಣ ತೋರಿಸಿದರೆ ಅಳು ಬರುತ್ತಿತ್ತು. ತೋರಿಸಲು ಇದ್ದದ್ದು ಒಂದೇ, ಸಮುದ್ರವಿಲ್ಲದ ಊರಿನಲ್ಲಿ ಬದುಕಿರುವ ಸಮುದ್ರ. ಐತಾಳರ ಇಡೀ ಲೆಕ್ಕಾಚಾರ ಆ ಅರಳಿದ ಹೂವಿನ ಮೇಲೆ ನಿಂತಿತ್ತು.

ಆ ಹೂವು ಮುದುಡತೊಡಗಿತು.

ಐತಾಳರು ಸಾಂದ್ರತೆ ಅಳೆಯುವ ಗಾಜಿನ ಕಡ್ಡಿಯನ್ನು ನೀರಿಗೆ ಬಿಟ್ಟರು. ಹಾಲಿಗೆ ನೀರು ಬೆರೆಸಿದ್ದನ್ನು ಹಿಡಿಯುವ ಕಡ್ಡಿಯ ಜಾತಿಯದೇ ಅದು. ಉಪ್ಪು ಕಡಿಮೆಯಾಗಿತ್ತು. ನೀರು ಮಾತ್ರ ಗೆರೆಗೆ ಕೂದಲೆಳೆ ಹೆಚ್ಚುಕಡಿಮೆಯಿಲ್ಲ. ಮುಂದಿನ ತಿಂಗಳು ಮತ್ತೆ ನೋಡಿದರೆ ಇನ್ನೂ ಕಡಿಮೆ.

"ನೀರು ಇದೆ, ಉಪ್ಪು ಇಲ್ಲ. ಎಲ್ಲಿಗೆ ಹೋಯಿತು ಮಾರಾಯ? ಉಪ್ಪಿಗೆ ಕಾಲು ಬಂತಾ?" ಎಂದು ತಲೆ ಕೆರೆದುಕೊಂಡರು. ಗಾಜಿಗೆ ಹಚ್ಚಿದ ಗಾರೆ ಹೀರುತ್ತಿರಬಹುದು ಎಂದರು. ಮರಳು ಹಿಡಿಯುತ್ತಿರಬಹುದು ಎಂದರು. ಕೆ.ಜಿ.ಎಫ್‌ನ ಹವೆಯಲ್ಲಿ ಏನೋ ಇದೆ ಎಂಬಲ್ಲಿಗೂ ಹೋದರು. ಒಂದು ವಾರ ಅವರು ಊಟ ಮಾಡುವಾಗಲೂ ಸಾರಿನ ಉಪ್ಪನ್ನು ಅನುಮಾನದಿಂದ ನೋಡುತ್ತಿದ್ದರು ಎಂದು ಅವರ ಮನೆಯವರೇ ಹೇಳಿದರು. ನಾನು ಕಡ್ಡಿಯೇ ಕೆಟ್ಟಿರಬಹುದು ಎಂದು ಆಂಡರ್ಸನ್‌ಪೇಟೆಯ ಹಾಲಿನವನ ಹತ್ತಿರ ಅದನ್ನು ಪರೀಕ್ಷಿಸಲು ಹೋದರೆ, ಅವನು ನನ್ನನ್ನು ಕಂಡು ಕ್ಯಾನು ಎತ್ತಿಕೊಂಡು ಓಡಿಹೋದ.

ಒಂದು ಬೆಳಿಗ್ಗೆ ತರಗತಿಗೆ ಸಿದ್ಧತೆ ಮಾಡಲು ಮಾಮೂಲಿಗಿಂತ ಮುಂಚೆ ಹೋದೆ. ಪ್ರಯೋಗಾಲಯದ ಹಿಂದಿನ ಬಾಗಿಲಲ್ಲಿ ಹೆಂಗಸರ ಸಾಲು. ಎಲ್ಲರೂ ತಲೆಗೆ ನೀರು ಹಾಕಿಕೊಂಡವರು, ಕೈಯಲ್ಲಿ ಚೊಂಬು, ಅರಿಸಿನ, ಕುಂಕುಮ. ಒಳಗೆ ಮುನಿಯಮ್ಮ ತೊಟ್ಟಿಯಿಂದ ಒಂದೊಂದು ಸೌಟು ಎತ್ತಿ ಒಬ್ಬೊಬ್ಬರ ಚೊಂಬಿಗೆ ಬಿಡುತ್ತಿದ್ದಳು. ಸಾಲಿನ ನಡುವೆ ನಮ್ಮಮ್ಮ ನಿಂತಿದ್ದಳು.

"ಅಮ್ಮಾ, ನೀನಿಲ್ಲಿ?"

"ಅಮಾಸೆ ಕಣ್ಲಾ. ಸಮುದ್ರ ಸ್ನಾನಕ್ ಬಂದೆ." ಏನೂ ಆಗಿಲ್ಲವೆಂಬಂತೆ ಹೇಳಿದಳು. "ಮಗ ಅನ್ಸ್ಕೊಂಡೋನು ಒಂದ್ ಚೊಂಬು ಮನೀಗೆ ತಂದ್ಕೊಟ್ಟಿದ್ರೆ ನಾನ್ಯಾಕೆ ಮೊದಲ್ನೇ ಗಾಡಿ ಇಡ್ಕೊಂಡು ಬತ್ತಿದ್ದೆ? ರಾಮೇಶ್ವರಕ್ ಕರ್ಕೊಂಡೋಗ್ತೀನಿ ಅಂತ ನಿಮ್ಮಪ್ಪ ಏಳ್ತಾನೇ ಓದ. ನೀನೂ ಏಳ್ತಾನೇ ಇದೀಯ."

ಅಷ್ಟರಲ್ಲಿ ಹಿಂದಿನಿಂದ ಐತಾಳರ ಚಪ್ಪಲಿ ಸದ್ದು. ಅವರು ಸಾಲನ್ನು ನೋಡಿದರು, ಸೌಟನ್ನು ನೋಡಿದರು, ಮುನಿಯಮ್ಮ ಪಕ್ಕದಲ್ಲಿಟ್ಟುಕೊಂಡಿದ್ದ ಬಾವಿನೀರಿನ ಬಿಂದಿಗೆಯನ್ನು ನೋಡಿದರು. ಓಡಿಹೋದ ಉಪ್ಪು ಅವರಿಗೆ ಆ ಕ್ಷಣದಲ್ಲೇ ಸಿಕ್ಕಿತು.

"ಮುನಿಯಮ್ಮಾ!"

"ಕದ್ದಿಲ್ಲ ಸಾರ್" ಎಂದಳು ಅವಳು. ಮುಖದಲ್ಲಿ ಅಳುಕಿರಲಿಲ್ಲ. "ಎಷ್ಟು ತಗೊಂಡ್ವೋ ಅಷ್ಟೂ ಆಕಿದೀನಿ. ಗೆರೆ ನೋಡಿ ಬೇಕಾದ್ರೆ. ಅಮಾಸೆ ಬಿಟ್ಟು ಬ್ಯಾರೆ ದಿನ ಒಂದ್ ತೊಟ್ಟು ಕೊಟ್ಟಿಲ್ಲ. ಸಮುದ್ರಾನ ಕಂಡ್ ಕಂಡ್ ದಿನ ಮುಟ್ಟಿದ್ರೆ ಪಾಪ ಬತ್ತದೆ."

ಐತಾಳರು ಮೆಲ್ಲಗೆ, ತರಗತಿಯಲ್ಲಿ ಹೇಳುವಂತೆಯೇ ಹೇಳಿದರು. "ಆವಿಯಾದರೆ ಉಪ್ಪು ಉಳಿಯುತ್ತದೆ ಮುನಿಯಮ್ಮ. ಸೌಟಿನಲ್ಲಿ ತೆಗೆದರೆ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಅದರ ಜಾಗಕ್ಕೆ ನೀನು ಬರೀ ನೀರು ಹಾಕಿದೆ."

ಮುನಿಯಮ್ಮ ಕೈಯಲ್ಲಿದ್ದ ಸೌಟನ್ನು ನೋಡಿಕೊಂಡಳು. "ಆಲಿಗೆ ನೀರು ಬೆರೆಸ್ದಂಗಾ?"

"ಹಾಗೇ."

"ಅದ್ಕೇನಾ ಊವಮ್ಮ ಮುದುರ್ಕೊಂಡಿರಾದು?"

"ಅದಕ್ಕೇ."

ಸೌಟು ಅವಳ ಕೈಯಿಂದ ಜಾರಿತು. ತೊಟ್ಟಿಯ ಮುಂದೆ ಕುಸಿದು ಕೂತು, "ನನ್ ಕೈಯ್ಯಾರ ನನ್ ಮಗೀನ ಓದು ಕಳ್ದುಬುಟ್ನಲ್ಲಾ ಸಾರ್" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಸಾಲಿನಲ್ಲಿದ್ದವರೆಲ್ಲ ಚೊಂಬು ಹಿಂದಕ್ಕೆ ಕೊಡಲು ಬಂದರು. ತನ್ನ ಪಾಲನ್ನು ಸುರಿದುಕೊಂಡಾಗಿದ್ದ ನಮ್ಮಮ್ಮನ ತಲೆಯಿಂದ ಆಗಲೇ ಸಮುದ್ರ ತೊಟ್ಟಿಕ್ಕುತ್ತಿತ್ತು, ಅವಳು ಸೆರಗನ್ನು ತೊಟ್ಟಿಯ ಮೇಲೆ ಹಿಂಡಲು ನೋಡಿದಳು. ನಾನು ತಡೆದೆ. ನನಗೆ ನಗುವೂ ಬರುತ್ತಿತ್ತು, ಮುನಿಯಮ್ಮನನ್ನು ನೋಡಿ ಸಂಕಟವೂ ಆಗುತ್ತಿತ್ತು.

ಸಮಿತಿ ಬರುವುದು ಮುಂದಿನ ವಾರವೇ ಇತ್ತು. ಮದ್ರಾಸಿನ ಕಡೆ ಬಿರುಗಾಳಿ ಎದ್ದು ಕಟ್ಟುಮರಗಳೆಲ್ಲ ದಡ ಸೇರಿದ್ದವು, ಕಡಲು ಕದಡಿ ಕೆಸರಾಗಿತ್ತು. ಅಡುಗೆ ಉಪ್ಪು ಹಾಕೋಣವೇ ಎಂದು ನಾನು ಕೇಳಿ ಬೈಸಿಕೊಂಡೆ. ಸಮುದ್ರದ ಉಪ್ಪೆಂದರೆ ಹಲವು ಉಪ್ಪುಗಳ ಕೂಟ, ಒಂದನ್ನೇ ಸುರಿದರೆ ಇದ್ದ ಜೀವವೂ ಹೋಗುತ್ತದೆ. ಐತಾಳರು ಕಿಟಕಿಯ ಹತ್ತಿರ ನಿಂತು ಯೋಚಿಸಿ ಕೊನೆಗೆ ತಿರುಗಿದರು.

"ಉಪ್ಪು ಹಾಕುವಂತಿಲ್ಲ. ಸರಿ, ನೀರು ತೆಗೆಯೋಣ. ಮುನಿಯಮ್ಮ ಹಾಕಿದ ನೀರಷ್ಟನ್ನೂ ಆವಿ ಮಾಡಿಬಿಡೋಣ. ಉಳಿದದ್ದು ಸಣ್ಣ ಸಮುದ್ರವೇ ಆಗಲಿ, ಸಮುದ್ರ ಆಗಿರುತ್ತದೆ."

ಹೂವನ್ನು ಕಲ್ಲಿನ ಸಮೇತ ತೊಟ್ಟಿಯ ಒಂದಿಷ್ಟು ನೀರಿನಲ್ಲೇ ಬಿಟ್ಟು, ಉಳಿದ ನೀರನ್ನು ಕಪ್ಪೆ ಕೊಯ್ಯುವ ಅಗಲ ತಟ್ಟೆಗಳಿಗೆ ತೆಳ್ಳಗೆ ಹರಡಿ ವರಾಂಡದಲ್ಲಿಟ್ಟೆವು. ಬಿಸಿಲಿದ್ದರೆ ಎರಡು ದಿನದ ಮಾತು. ಆದರೆ ಮದ್ರಾಸಿನ ಬಿರುಗಾಳಿಯ ಮೋಡ ನಮ್ಮ ತಲೆ ಮೇಲೂ ಕವಿದುಕೊಂಡಿತ್ತು. ಸೀಮೆಎಣ್ಣೆ ಸ್ಟವ್ ಹತ್ತಿರ ತಂದರೆ ಹೊಗೆ, ಪ್ರಯೋಗಾಲಯದ ಫ್ಯಾನಿನ ಕೆಳಗಿಟ್ಟರೆ ಅದರಿಂದ ತೊಟ್ಟಿಕ್ಕುವ ಗ್ರೀಸು. ನಾವು ಹೀಗೆ ಪೇಚಾಡುತ್ತಿರುವಾಗ ನಮ್ಮಮ್ಮ ಮುನಿಯಮ್ಮನ ರೆಟ್ಟೆ ಹಿಡಿದು ಎಬ್ಬಿಸಿದಳು.

"ಅಳ್ತಾ ಕೂತ್ರೆ ನೀರು ಎಚ್ತದೆ ಕಣಮ್ಮಿ. ಏಳು. ಬೀಸಣ್ಗೆ ತತ್ತಾ."

ಆವತ್ತು ಸಮುದ್ರ ಸ್ನಾನಕ್ಕೆ ಬಂದವರಲ್ಲಿ ಒಬ್ಬಳೂ ಊರಿಗೆ ಹಿಂತಿರುಗಲಿಲ್ಲ ಎಂದರೆ ಸುಳ್ಳಾದೀತು. ಹೋದರು, ಮರುದಿನ ಬಂದರು. ಬರುವಾಗ ಬೀಸಣಿಗೆ ತಂದರು, ಮೊರ ತಂದರು, ಅತ್ತೆ ನಾದಿನಿಯರನ್ನು ತಂದರು. ಎಲೆಯಡಿಕೆ ಹಾಕಿಕೊಂಡು ತಟ್ಟೆಗಳ ಸುತ್ತ ಕೂತು ಸರದಿಯಲ್ಲಿ ಬೀಸಿದರು. ಅರ್ಧ ತೆಲುಗು, ಅರ್ಧ ಕನ್ನಡ, ಗಣಿ ಕಾರ್ಮಿಕರ ಲೈನುಮನೆಯವರು ಬಂದಾಗ ತಮಿಳು. ಇಡೀ ತಾಲ್ಲೂಕಿನ ಸುದ್ದಿ ಆ ವರಾಂಡದಲ್ಲಿ ಆವಿಯಾಯಿತು. ಸರೋಜ ತರಗತಿ ಮುಗಿದೊಡನೆ ಬಂದು ಗಾಜಿನ ಕಡ್ಡಿ ಬಿಟ್ಟು ನೋಡುತ್ತಿದ್ದಳು, ಕಡ್ಡಿ ಒಂದು ಗೀಟು ಮೇಲೆದ್ದರೆ ಹೆಂಗಸರೆಲ್ಲ ಹೋ ಎನ್ನುತ್ತಿದ್ದರು. ಗಟ್ಟಿಯಾದ ನೀರನ್ನು ತಣಿಸಿ ಸ್ವಲ್ಪ ಸ್ವಲ್ಪವೇ ತೊಟ್ಟಿಗೆ ಬಿಟ್ಟೆವು. ಐತಾಳರು ಹಳೆ ಕೆಂಪು ಗೆರೆಯನ್ನು ಕೆರೆದು, ಕೆಳಗೆ ಹೊಸದೊಂದು ಎಳೆದರು. ಹೂವು ಮಾತ್ರ ಮುದುಡಿಕೊಂಡೇ ಇತ್ತು.

ಸಮಿತಿ ಬಂತು. ಮೂವರು. ಅಧ್ಯಕ್ಷರು ವಯಸ್ಸಾದವರು, ಮೂರು ಗುಂಡಿಯ ಕೋಟು, ಕೈಯಲ್ಲಿ ಬೆತ್ತ. ಜಾಡಿಗಳನ್ನು ನೋಡಿ ಹೂಂ ಎಂದರು. ಸೂಕ್ಷ್ಮದರ್ಶಕಗಳನ್ನು ನೋಡಿ ಹೂಂ ಕೂಡ ಎನ್ನಲಿಲ್ಲ. ತೊಟ್ಟಿಯ ಮುಂದೆ ನಿಂತು, "ಇದೇನು, ಬೆಲ್ಲವೇ?" ಎಂದರು.

"ಕಡಲ ಹೂವು ಸಾರ್. ಸದ್ಯ ಮುದುಡಿದೆ" ಎಂದರು ಐತಾಳರು. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲೇ ಇಲ್ಲ.

"ಸಮುದ್ರವೇ ಇಲ್ಲದ ಊರು. ಇಲ್ಲಿಯ ಹುಡುಗರಿಗೆ ವಾಣಿಜ್ಯ ಸಾಕಾಗುವುದಿಲ್ಲವೇ?" ಎನ್ನುತ್ತ ಅಧ್ಯಕ್ಷರು ವರಾಂಡಕ್ಕೆ ಕಾಲಿಟ್ಟು ಹಾಗೇ ನಿಂತುಬಿಟ್ಟರು. ಉಳಿದ ತಟ್ಟೆಗಳಿಗೆ ಹೆಂಗಸರು ಇನ್ನೂ ಬೀಸುತ್ತಿದ್ದರು. ಹೊರಗೆ ಕಳಿಸಬೇಕೆಂದು ನಾನು ಬೆಳಿಗ್ಗೆಯಿಂದ ಅಂದುಕೊಂಡು, ನಮ್ಮಮ್ಮನಿಗೆ ಹೇಳುವ ಧೈರ್ಯ ಸಾಲದೆ ಬಿಟ್ಟಿದ್ದೆ.

"ಏನಮ್ಮ ಮಾಡ್ತಾ ಇದ್ದೀರಿ?"

ನಮ್ಮಮ್ಮ ತಲೆ ಎತ್ತಿದಳು, ಕೈ ನಿಲ್ಲಿಸಲಿಲ್ಲ. "ಸಮುದ್ರ ತೆಳ್ಳಗಾಗಿತ್ತು ಸಾಮಿ. ಗಟ್ಟಿ ಮಾಡ್ತಾ ಇದೀವಿ."

"ಯಾಕೆ?"

"ಗಟ್ಟಿಯಾದ್ರೆ ಊವ ಅರಳ್ತದೆ. ಊವ ಅರಳಿದ್ರೆ ಬೆಂಗ್ಳೂರಿಂದ ಯಾರೋ ದೊಡ್ಡೋರು ಬಂದು ನೋಡ್ತಾರಂತೆ. ಅವ್ರು ಊಂ ಅಂದ್ರೆ ನಮ್ ಮುನಿಯಮ್ಮನ್ ಮಗ್ಳಿಗೆ ಬಿಎಸ್ಸಿ ಬತ್ತದೆ. ಇಲ್ದಿದ್ರೆ ಕುಪ್ಪಂಗೆ ಕೊಟ್ಬುಡ್ತಾರೆ ಸಾಮಿ, ಬಂಗಾರ್ದಂತ ಉಡ್ಗಿ."

ಐತಾಳರು ಕಣ್ಣು ಮುಚ್ಚಿಕೊಂಡರು. ನಾನು ಕಂಬದ ಹಿಂದೆ ಸರಿದೆ.

ಅಧ್ಯಕ್ಷರು ಬಗ್ಗಿ ತಟ್ಟೆಯ ನೀರಿಗೆ ಬೆರಳದ್ದಿ ನಾಲಗೆಗೆ ಮುಟ್ಟಿಸಿದರು. ತಟ್ಟೆಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. "ಹೂವು ಅರಳಿಲ್ಲವಲ್ಲಮ್ಮ ಇನ್ನೂ" ಎಂದರು.

"ಅರಳ್ತದೆ ಸಾಮಿ, ಎಲ್ಲಿಗೋಯ್ತದೆ? ನಮ್ ಕೈ ಸೋತವೆ ಅಷ್ಟೇ." ಪಕ್ಕದಲ್ಲಿದ್ದ ಬೀಸಣಿಗೆ ಎತ್ತಿ ಅವರತ್ತ ಚಾಚಿದಳು. "ನೀವು ಸುಮ್ನೇ ನಿಂತಿದೀರಲ್ಲ, ಒಂದೀಟು ಬೀಸಿ."

ಬೆತ್ತವನ್ನು ಗೋಡೆಗೆ ಒರಗಿಸಿ, ಬೂಟು ಬಿಚ್ಚಿ, ಕೋಟಿನ ಗುಂಡಿ ಸಡಿಲಿಸಿ ಅಧ್ಯಕ್ಷರು ಚಾಪೆಯ ಮೇಲೆ ಕೂತರು. ಕೂತು ಬೀಸಿದರು. ಅಧ್ಯಕ್ಷರೇ ಕೂತಮೇಲೆ ಉಳಿದಿಬ್ಬರು ನಿಂತಿರುವುದಾದರೂ ಹೇಗೆ, ಅವರೂ ಒಂದೊಂದು ಮೊರ ಹಿಡಿದರು. ಬೀಸುತ್ತಲೇ ಅಧ್ಯಕ್ಷರು ಐತಾಳರನ್ನು ಕರೆದು ಉಪ್ಪಿನ ವಿಷಯ ಕೇಳಿದರು, ಸರೋಜಳಿಂದ ಕಡ್ಡಿಯ ಲೆಕ್ಕ ಓದಿಸಿದರು. ಗಾಡಿಗೆ ಹೊತ್ತಾಯಿತೆಂದು ಎರಡು ಸಲ ಹೇಳಿಸಿಕೊಂಡ ಮೇಲೆಯೇ ಎದ್ದರು.

ಅವರು ಸ್ಟೇಷನ್ ಮುಟ್ಟುವ ಹೊತ್ತಿಗೆ ಹೂವು ಅರಳಿತು. ಒಂದಿಷ್ಟೂ ನಾಚಿಕೆಯಿಲ್ಲದೆ ಪೂರ್ತಿ ಅರಳಿತು. ಐತಾಳರು ಅದಕ್ಕೆ ಕುಂದಾಪುರದ ಭಾಷೆಯಲ್ಲಿ ಬೈದದ್ದನ್ನು ನಾನಿಲ್ಲಿ ಬರೆಯಲಾರೆ.

ಅಂದಿನಿಂದ ತೊಟ್ಟಿಯ ಒಂದಷ್ಟು ನೀರನ್ನು ಪ್ರತಿ ಅಮಾವಾಸ್ಯೆಗೆ ಬದಲಾಯಿಸುವುದು ನಮ್ಮ ವಿಭಾಗದ ಪದ್ಧತಿಯಾಯಿತು. ತೆಗೆದ ನೀರು ಹೆಂಗಸರಿಗೆ, ಮದ್ರಾಸಿಗೆ ಹೋಗಿ ಬರುವ ಅವರ ಕಡೆಯವರು ತಂದ ನೀರು ಹೂವಿಗೆ. ಆಗಾಗ ನೀರು ಬದಲಿಸುತ್ತಿದ್ದರೆ ಜೀವಿಗಳು ಹೆಚ್ಚು ಕಾಲ ಬಾಳುತ್ತವೆ ಎಂಬುದು ನಮಗೆ ಗೊತ್ತಾದದ್ದೇ ಹೀಗೆ. ಮಕ್ಕಳೇ, ನಿಮ್ಮ ಪುಸ್ತಕಗಳಲ್ಲಿ ಇದಕ್ಕೆ ಬೇರೆ ಬೇರೆ ಕಾರಣ ಕೊಟ್ಟಿರುತ್ತಾರೆ, ಎಲ್ಲವೂ ಸರಿಯೇ.

ಮಂಜೂರಾತಿ ಬಂತು. ಮಳೆಗಾಲದ ಆರಂಭದಲ್ಲಿ ನಮ್ಮ ಮೊದಲ ಬಿಎಸ್ಸಿ ತರಗತಿ. ಮೊದಲ ಬೆಂಚಿನಲ್ಲಿ ಸರೋಜ, ಹೊಸ ಬಿಳಿ ಕೋಟು, ಉದ್ದ ತೋಳನ್ನು ಎರಡು ಸುತ್ತು ಮಡಿಸಿಕೊಂಡಿದ್ದಳು. ಮುನಿಯಮ್ಮ ಹೊರಗೆ ಕಾರಿಡಾರಿನಲ್ಲಿ ಒಂದೇ ಜಾಗವನ್ನು ಮತ್ತೆ ಮತ್ತೆ ಗುಡಿಸುತ್ತಿದ್ದಳು. ಐತಾಳರು ಹಾಜರಿ ಕೂಗುತ್ತ ಬಂದರು. ಒಬ್ಬೊಬ್ಬರೇ ಎದ್ದು ಉತ್ತರಿಸಿದರು.

"ಸರೋಜ."

ಹುಡುಗಿ ಏಳುವುದಕ್ಕೆ ಮೊದಲೇ, ಕಾರಿಡಾರಿನಿಂದ, ಇಡೀ ಕಟ್ಟಡಕ್ಕೆ ಕೇಳುವಂತೆ ದನಿ ಬಂತು.

"ಬಂದವ್ಳೆ ಸಾರ್!"

ಯಾರೂ ನಗಲಿಲ್ಲ. ಐತಾಳರು ಕನ್ನಡಕ ತೆಗೆದು ಒರೆಸಿಕೊಂಡು, ಬಾಗಿಲ ಕಡೆಗೆ ತಿರುಗಿ, "ಆಯಿತಮ್ಮ, ಬರೆದುಕೊಂಡೆ" ಎಂದರು.